ಪಡಸಾಲೆಯ ಕಚೇರಿಯೂ ಅಡಿಗೆಮನೆಯ ಹೊಸ್ತಿಲೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ಊರುಗಳಲ್ಲಿ ಗೃಹಸ್ಥನೊಬ್ಬನು ಗಾಯಕರೊಬ್ಬರನ್ನು ಮನೆಗೇ ಬರಮಾಡಿಕೊಂಡು, ನೆರೆಹೊರೆಯ ಮೂವತ್ತು ನಾಲ್ವತ್ತು ಜನರನ್ನು ಕೂಡಿಸಿ, ಒಂದು ಸಂಜೆಯ ಗಾನಗೋಷ್ಠಿಯನ್ನು ನಡೆಸಬೇಕೆಂದು ಸಂಕಲ್ಪಿಸಿದನೆಂದರೆ, ಆ ಸಂಕಲ್ಪದಲ್ಲಿ ರಾಗತಾಳಗಳಿಗಿರುವಷ್ಟೇ ಪಾಲು ಜಮಖಾನೆಗೂ ಚಹದ ಲೋಟಗಳಿಗೂ ಸೊಸೆಯ ಮುಖಭಾವಕ್ಕೂ ಉಂಟೆಂಬುದನ್ನು ಅನುಭವಸ್ಥರು ಒಪ್ಪಿಯಾರು. ಇಂತಹ ಗೋಷ್ಠಿಗಳು ಹೆಚ್ಚಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಅವು ನಡೆಯುವ ಕ್ರಮದಲ್ಲಿ ಒಂದು ಅನ್ಯಾಯವು ಸದ್ದಿಲ್ಲದೆ ಸೇರಿಕೊಂಡಿರುವುದರಿಂದ ಬರಿಯ ಪ್ರಶಂಸೆಯನ್ನು ಮಾಡಲಾರೆ.

ಈ ಸೀಮೆಗೆ ಸಂಗೀತವು ಹೊಸ ಅತಿಥಿಯಲ್ಲ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಮುಂಡರಗಿಯ ಮಾರ್ಗವಾಗಿ ಹೋದರೆ ಗದಗು. ಅಲ್ಲಿ ಪಂಚಾಕ್ಷರಿ ಗವಾಯಿಗಳು ಸ್ಥಾಪಿಸಿ, 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವು, ಕಣ್ಣಿಲ್ಲದ ಎಷ್ಟೋ ಮಕ್ಕಳ ಕೈಗೆ ಪೇಟಿಯನ್ನೂ ತಬಲಾವನ್ನೂ ಕೊಟ್ಟು ಅವರನ್ನು ಸ್ವಾಭಿಮಾನದ ಬಾಳಿಗೆ ಹಚ್ಚಿತು. ಆ ಪರಂಪರೆಯ ಗಾಯನವನ್ನು ಶ್ರಾವಣದ ಪುರಾಣಗಳಲ್ಲಿ ಕೇಳಿ ಬಲ್ಲ ನಮ್ಮ ರೈತರು, ರಾಗದ ಹೆಸರನ್ನರಿಯದಿದ್ದರೂ, ಭೈರವಿಯ ಸ್ವರಗಳು ಕಿವಿಗೆ ಬಿದ್ದೊಡನೆಯೇ ಮುಗಿಯುವ ಹೊತ್ತಾಯಿತೆಂದು ವಲ್ಲಿಯನ್ನು ಹೆಗಲಿಗೇರಿಸುತ್ತಾರೆ. ಇನ್ನೊಂದು ಕಡೆಯಿಂದ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವತನಕ ಬಳ್ಳಾರಿ ಜಿಲ್ಲೆಯು ಮದರಾಸಿನ ಆಡಳಿತದಲ್ಲಿದ್ದುದರಿಂದ, ಪಿಟೀಲು ಮೃದಂಗಗಳೂ ಇಲ್ಲಿಗೆ ಅಪರಿಚಿತವಲ್ಲ. (ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಪುನಃ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದವುಗಳೊಡನೆ ವಿಜಯನಗರ ಜಿಲ್ಲೆಯ ಪಾಲಾಯಿತು, ಕಾಗದಪತ್ರಗಳಿಗೆ ಆದ ತೊಂದರೆ ಪುಣ್ಯವಶಾತ್ ಹಾಡುಗಳಿಗೆ ಆಗಲಿಲ್ಲ.)

ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ, ತೊಲೆಜಂತೆಗಳೂ ದಪ್ಪ ಗೋಡೆಗಳೂ ನಾದವನ್ನು ಹದವಾಗಿ ಹೀರಿಕೊಳ್ಳುವುದರಿಂದ, ಪಡಸಾಲೆಯ ಹಿಂದಿನ ಕಂಬಕ್ಕೊರಗಿ ಕುಳಿತವನಿಗೂ ಗಾಯಕನ ಉಸಿರೆಳೆತವು ಕೇಳುತ್ತದೆ. ಕಾಂಕ್ರೀಟಿನ ಹೊಸ ಮನೆಗಳಲ್ಲಾದರೋ ಬೋಳು ಗೋಡೆಗೂ ನುಣುಪು ನೆಲಕ್ಕೂ ತಾಗಿ ಮರಳುವ ತಬಲಾದ ಪೆಟ್ಟು ಸಾಹಿತ್ಯವನ್ನೆಲ್ಲ ನುಂಗಿಬಿಡುತ್ತದಾದ್ದರಿಂದ, ಮನೆಯಲ್ಲಿರುವ ಕೌದಿಗಳನ್ನೆಲ್ಲ ಹಾಸಿ, ಕಿಟಕಿಗಳಿಗೆ ಪರದೆ ಕಟ್ಟುವುದೇ ಉಪಾಯ. ಧ್ವನಿವರ್ಧಕವು ಬೇಡವೇ ಬೇಡ. ಕರೆಂಟು ಹೋದರೂ ಗಾಯನ ನಿಲ್ಲದು. ರಾತ್ರಿ ಹತ್ತರ ನಿಯಮಕ್ಕೂ ಭಂಗವಿಲ್ಲ. ತಬಲಾದ ಸುತ್ತಿಗೆಯನ್ನು ಮೊಮ್ಮಗನು ಬಚ್ಚಿಟ್ಟು ಎಲ್ಲರಿಂದಲೂ ಹುಡುಕಿಸುವುದು, ವಿಲಂಬಿತದಲ್ಲಿ ನಿದ್ರೆಹೋದ ಅಜ್ಜನು ದ್ರುತಕ್ಕೆ ಎಚ್ಚೆತ್ತು ಎಲ್ಲರಿಗಿಂತ ಮೊದಲು ತಲೆದೂಗುವುದು, ಇವೆಲ್ಲ ದೊಡ್ಡ ಸಭಾಭವನಗಳಿಗೆ ದೊರೆಯದ ಭಾಗ್ಯಗಳು.

ದಿನವನ್ನು ಗೊತ್ತುಮಾಡುವುದೇ ಒಂದು ವ್ಯವಹಾರ. ಮಾಘದಲ್ಲಿ ಹಡಗಲಿಯ ಕಡೆಯವರಿಗೆ ಮೈಲಾರದ ಕಾರಣಿಕ, ಕೊಟ್ಟೂರಿನವರಿಗೆ ಕೊಟ್ಟೂರೇಶ್ವರನ ತೇರು, ಮನೆತುಂಬ ನೆಂಟರು. ಅದು ಮುಗಿಯುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅನಂತರ ಬಿಸಿಲು, ಮದುವೆಗಳು, ಬಿತ್ತನೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ತಂಪು ಸಂಜೆಗಳೇ ಕಡೆಗೆ ಉಳಿಯುವುವು.

ನಾನು ಹೇಳಿದ ಅನ್ಯಾಯವು ಅಡಿಗೆಮನೆಯ ಹೊಸ್ತಿಲಿನಲ್ಲಿದೆ. ಗಾಯಕರು ಪಡಸಾಲೆಯಲ್ಲಿ ಷಡ್ಜವನ್ನು ಹಿಡಿಯುವ ಹೊತ್ತಿಗೆ ಗೃಹಿಣಿಯು ಹೂರಣವನ್ನು ರುಬ್ಬುತ್ತಿರುತ್ತಾಳೆ. ಬಂದವರೆಲ್ಲರಿಗೂ ಹೋಳಿಗೆಯೂಟವನ್ನು ಬಡಿಸದೆ ಕಳುಹಿಸಿದರೆ ಮನೆತನಕ್ಕೆ ಕುಂದೆಂಬ ಯಜಮಾನನ ಅಭಿಮಾನಕ್ಕೆ ಬೆಲೆ ತೆರುವವಳು ಅವಳು. ಬಾಗಿಲ ಸಂದಿಯಿಂದ ಬಂದಷ್ಟೇ ಗಾಯನ ಅವಳ ಪಾಲಿನದು. ಹೆಂಗಸರಿಗೆ ಸಂಗೀತದಲ್ಲಿ ಅಷ್ಟಾಗಿ ಆಸಕ್ತಿಯಿಲ್ಲವೆಂದು ಸಮಾಧಾನ ಹೇಳುವವರು, ಹರಪನಹಳ್ಳಿಯ ಹೆಸರನ್ನು ತನ್ನೊಡನೆ ಉಳಿಸಿದ ಭೀಮವ್ವನನ್ನು ಕ್ಷಣಕಾಲ ನೆನೆಯಲಿ: ಹತ್ತೊಂಬತ್ತನೆಯ ಶತಮಾನದಲ್ಲಿ ಭೀಮೇಶಕೃಷ್ಣನ ಅಂಕಿತವಿಟ್ಟು ಆಕೆ ಕಟ್ಟಿದ ಹಾಡುಗಳು ಯಾವ ವೇದಿಕೆಯನ್ನೂ ಕಾಯದೆ, ಹಬ್ಬ ಆರತಿಗಳ ನಡುವೆ, ಹೆಂಗಸರ ಕಂಠದಿಂದ ಕಂಠಕ್ಕೆ ದಾಟಿ ಬಂದವು. ಮನೆಯಲ್ಲಿ ಹಾಡನ್ನು ಉಳಿಸಿದವರನ್ನೇ ಮನೆಯ ಕಚೇರಿಯಿಂದ ಹೊರಗಿಡುವುದು ಯಾವ ರಸಿಕತೆ?

ಆದ್ದರಿಂದ ನನ್ನ ಸಲಹೆಯು ಅತ್ಯಂತ ಲೌಕಿಕವಾದದ್ದು. ಹೋಳಿಗೆಯನ್ನು ಹಬ್ಬಕ್ಕೆ ಬಿಡಿ. ನಮ್ಮ ಕಡೆಯ ಒಗ್ಗರಣೆ ಮಂಡಕ್ಕಿಗೂ ಮಿರ್ಚಿಗೂ ಮರ್ಯಾದೆಯಲ್ಲಿ ಏನು ಕಡಮೆ? ಮಿರ್ಚಿಯನ್ನು ಅಂಗಡಿಯಿಂದ ತರಿಸಿ, ಮಂಡಕ್ಕಿಯನ್ನು ಯಜಮಾನನೂ ಅವನ ಗೆಳೆಯರೂ ಸೇರಿ ಕಲಸಿ, ಗಾಯನಕ್ಕೆ ಮುಂಚೆಯೇ ಹಂಚಿ ಒಲೆಯನ್ನು ಆರಿಸಿಬಿಡಲಿ; ಹಾಡುವ ಮುನ್ನ ಹೊಟ್ಟೆತುಂಬ ಉಣ್ಣದ ಗವಾಯಿಗಳಿಗೂ ಸಾಥಿದಾರರಿಗೂ ಮಾತ್ರ ಆಮೇಲೆ ರೊಟ್ಟಿ ಪಲ್ಯವಿರಲಿ. ಮುಂದಿನ ಸಾಲಿನಲ್ಲಿ ಮೊದಲು ಕುಳಿತುಕೊಳ್ಳಬೇಕಾದವಳು ಮನೆಯಾಕೆ.

ಹೀಗೆ ಉಳಿದ ಹಣವು ಸಂಭಾವನೆಗೆ ಸೇರಲಿ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಹಾರವು ಗಾಯಕರ ಕೊರಳಿಗೆ ಭೂಷಣವೇ ಸರಿ. ಆದರೆ ಅದನ್ನು ತೋರಿಸಿದರೆ ಕಂಡಕ್ಟರನು ಟಿಕೆಟ್ಟು ಕೊಡನು. ನೆರೆಯವರು ಒಲ್ಲೆನ್ನದೆ ತಮ್ಮ ಕೈಲಾದಷ್ಟನ್ನು ಸೇರಿಸುವುದು ಲೇಸು. ತಬಲಜಿಯ ಪಾಲನ್ನು ಗಾಯಕರ ಔದಾರ್ಯಕ್ಕೆ ಬಿಡದೆ ಬೇರೆಯ ಲಕೋಟೆಯಲ್ಲಿಟ್ಟು, ತಂಬೂರಿಯನ್ನು ಶ್ರುತಿಮಾಡುವ ಮೊದಲೇ ಅವರವರ ಕೈಗೆ ಕೊಡುವುದು ಇನ್ನೂ ಲೇಸು.