ಹಕ್ಕಿ ನೋಡುವವರು ತೋಟಕ್ಕೆ ಬಂದರೆ



ಪೇಟೆಯ ಪಕ್ಷಿವೀಕ್ಷಕರ ತಂಡವೊಂದು ನಮ್ಮ ತೋಟಕ್ಕೆ ಬರುವುದೆಂದು ತಿಳಿದಾಗ ನೆರೆಯವರೊಬ್ಬರು ನನ್ನನ್ನು ಬೇಲಿಯ ಬಳಿ ನಿಲ್ಲಿಸಿಕೊಂಡು, "ಮಾರಾಯ್ರೆ, ಇವತ್ತು ಹಕ್ಕಿ ಎಣಿಸ್ತಾರೆ, ನಾಳೆ ಇಲಾಖೆಯವರು ಬಂದು ಮರ ಎಣಿಸ್ತಾರೆ. ನಿಮಗ್ಯಾಕೆ ಬೇಕು ಈ ಉಸಾಬರಿ?" ಎಂದರು. ಅವರ ಮಾತನ್ನು ನಾನು ನಕ್ಕು ತಳ್ಳಿಹಾಕಲಿಲ್ಲ. 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳಾದ ಮೇಲೆ ಸರ್ವೆ, ನಕ್ಷೆ, ಪಟ್ಟಿ ಎಂಬ ಮಾತು ಕಿವಿಗೆ ಬಿದ್ದರೆ ಮಲೆನಾಡಿನ ಸಣ್ಣ ಬೆಳೆಗಾರನಿಗೆ ಎದೆ ಡವಗುಟ್ಟುವುದು ಸಹಜವೇ. ಆದರೂ ಅವರನ್ನು ಬರಹೇಳಿದೆ. ಬರಹೇಳಿದ್ದು ಒಳ್ಳೆಯದೇ ಆಯಿತೆಂದು ಈಗ ನನ್ನ ಅಭಿಪ್ರಾಯ.

ಫೆಬ್ರುವರಿಯ ಕೊನೆಯ ಭಾನುವಾರ, ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಹದಿನಾಲ್ಕು ಜನ, ಕೊರಳಿಗೆ ದುರ್ಬೀನು. ಕಾಫಿ ಕೊಯ್ಲು ಮುಗಿದು, ಅಡಿಕೆಯ ಕೊನೆಯ ಕೊಯ್ಲೂ ಆಗಿ, ಹೂಮಳೆಗೆ ಮುಗಿಲು ನೋಡುವ ಕಾಲವಾದ್ದರಿಂದ ನನಗೂ ಬಿಡುವಿತ್ತು. ತೋಟದ ಕೆಳಗಿನ ಮೂಲೆಯಲ್ಲಿ ನಮ್ಮ ತಂದೆಯವರ ಕಾಲದ ಹಾಲವಾಣವೊಂದು ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟು ನಿಂತಿತ್ತು. ಬಂದವರು ಮುಕ್ಕಾಲು ಗಂಟೆ ಅದರ ಬುಡವನ್ನು ಬಿಟ್ಟು ಕದಲಲಿಲ್ಲ. ಕಾಜಾಣ, ಪಿಕಳಾರ, ಮೈನಾ, ಎಲೆಹಕ್ಕಿ, ಸೂರಕ್ಕಿ ಎಲ್ಲವೂ ಆ ಒಂದೇ ಮರದಲ್ಲಿ. ಬರುವ ವರ್ಷ ಅದನ್ನು ಉರುಳಿಸುವವನಿದ್ದೆನೆಂದು ಆಗ ಬಾಯಿಬಿಡಲಿಲ್ಲ.

ಇನ್ನೊಂದು ಸಂಗತಿ. ಚಳಿಗಾಲವಿಡೀ ನೆರಳುಮರಗಳಲ್ಲಿ ಚಿಲಿಪ್ ಚಿಲಿಪ್ ಎನ್ನುವ ದನಿಯನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಯಾರದೆಂದು ತಿಳಿದಿರಲಿಲ್ಲ. ಹೆಬ್ಬೆಟ್ಟಿನಷ್ಟು ದಪ್ಪದ, ಮಂಕು ಹಸಿರು ಬಣ್ಣದ ಉಲಿಯಕ್ಕಿಯದಂತೆ. ಬೇಸಿಗೆಯಲ್ಲಿ ಹಿಮಾಲಯದಲ್ಲೂ ಅದರಾಚೆಯ ಸೀಮೆಗಳಲ್ಲೂ ಮರಿಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬಂದು, ದಿನವಿಡೀ ಎಲೆಯಿಂದೆಲೆಗೆ ಹಾರಿ ಹುಳ ಹೆಕ್ಕುತ್ತದೆ. ಕೂಲಿ ಕೇಳದ ಆಳು! ಇನ್ನು ಅಡಿಕೆ ತೋಟದ ಬಸಿಗಾಲುವೆಯ ಬಳಿ ನವರಂಗ ಕೂರುತ್ತದೆಂದು ತೋರಿಸಿದವಳು ನಮ್ಮಲ್ಲಿ ಕೆಲಸಕ್ಕೆ ಬರುವ ಅಜ್ಜಿ. ದುರ್ಬೀನಿನವರು ಅಜ್ಜಿಯ ಹಿಂದೆ ಸಾಲಾಗಿ ನಡೆದರು. ಮೇಲಿನ ಸಿಲ್ವರ್ ಸಾಲುಗಳಲ್ಲಿ ಮಾತ್ರ ಅರ್ಧ ಗಂಟೆ ತಿರುಗಿದರೂ ಅವರ ಪುಸ್ತಕದಲ್ಲಿ ಮೂರು ಸಾಲು ತುಂಬಲಿಲ್ಲ.

ಹನ್ನೊಂದಕ್ಕೆ ಕಣದಲ್ಲಿ ಬಾಳೆಲೆ ಹಾಸಿ ಕೂತೆವು. ಅವರ ಬುತ್ತಿಯ ಚಪಾತಿ, ಪುಳಿಯೋಗರೆ. ನಮ್ಮ ಮನೆಯ ಕಡುಬು, ಎಳೆ ಹಲಸಿನ ಪಲ್ಯ, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ. ಪಲ್ಯ ಎರಡನೆಯ ಸುತ್ತಿಗೇ ಮುಗಿಯಿತು. ಆಗ ಒಬ್ಬ ಹುಡುಗಿ ಕೇಳಿದಳು: "ಹಕ್ಕಿ ಎಲ್ಲಾ ಕಾಡುಮರದಲ್ಲೇ ಇದೆಯಲ್ಲ, ಮತ್ಯಾಕೆ ಸಾರ್ ಸಿಲ್ವರ್ ಹಾಕ್ತೀರಿ?"

ನಾನು ಹೇಳಿದ್ದಿಷ್ಟು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯಿದೆಯಲ್ಲಿ ಅನುಮತಿಯಿಲ್ಲದೆ ಕಡಿಯಬಹುದಾದ ಮರಗಳ ಪಟ್ಟಿಯಿದೆ. ಅದರಲ್ಲಿ ಆಸ್ಟ್ರೇಲಿಯಾದ ಸಿಲ್ವರ್ ಇದೆ. ನಮ್ಮ ಹೊನ್ನೆ, ಬೀಟೆ ಇಲ್ಲ. ಸಿಲ್ವರಿಗೆ ಮೆಣಸು ಹಬ್ಬಿಸಬಹುದು, ಮಗಳ ಮದುವೆಗೋ ಸಾಲಕ್ಕೋ ಬೇಕಾದಾಗ ಕಡಿದು ಮಾರಬಹುದು. ಹೊನ್ನೆಯನ್ನು ನಾನೇ ನೆಟ್ಟು ನೀರೆರೆದು ಬೆಳೆಸಿದರೂ ಕಡಿಯುವ ದಿನ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಬೇಕು. ಬಸರಿ, ಗೋಣಿಗಳ ಮರಕ್ಕಂತೂ ಗಿರಾಕಿಯೇ ಇಲ್ಲ. ಕಾಪಾಡಲೆಂದು ಮಾಡಿದ ಕಾಯಿದೆಯೇ ಕಾಡುಮರ ನೆಡುವ ಕೈಯನ್ನು ಹಿಡಿದಿದೆ. ಎಲೆಯ ಮುಂದೆ ಕೂತವರು ಸ್ವಲ್ಪ ಹೊತ್ತು ಸುಮ್ಮನಾದರು. ಇದನ್ನು ತಮಗೆ ಯಾರೂ ಹೇಳಿರಲಿಲ್ಲವೆಂದರು. ನಾವು ಹೇಳಿದ್ದಾದರೂ ಯಾವಾಗ?

ನೆರೆಯವರ ಭಯಕ್ಕೆ ನನ್ನ ಉತ್ತರ ಇಲ್ಲೇ ಇದೆ. ಪಟ್ಟಿ ನಮಗೆ ವಿರೋಧವಾದ ಸಾಕ್ಷಿಯೆಂದು ಏಕೆ ತಿಳಿಯಬೇಕು? ಹೊನ್ನಾವರ ಸೀಮೆಯ ಅಡಿಕೆ ತೋಟಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವು, ಅಲ್ಲಿನ ಕಾಡಿನ ಹಕ್ಕಿಗಳಲ್ಲಿ ನೂರಕ್ಕೆ 90 ಜಾತಿಗಳು ತೋಟಗಳಲ್ಲೂ ಇವೆಯೆಂದು ಹೇಳಿತು. ತೋಟದ ಪಕ್ಕದಲ್ಲೇ ಉಳಿದಿರುವ ಕಾಡು, ತರಗೆಲೆ ತರುವ ಸೊಪ್ಪಿನಬೆಟ್ಟ ಇವೇ ಅದಕ್ಕೆ ಕಾರಣ. 2016ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಪಶ್ಚಿಮಘಟ್ಟದ 187 ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 204 ಜಾತಿಯ ಹಕ್ಕಿಗಳು ಸಿಕ್ಕಿದವು. ಕಾಡು ಹಾಳುಮಾಡಿದವರೆಂಬ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಕೇಳಿಸಿಕೊಂಡಿದ್ದೇವೆ. ಇಂಥ ಲೆಕ್ಕವನ್ನು ಕೈಯಲ್ಲಿ ಹಿಡಿದು ಎದ್ದು ನಿಂತವರು ನಮ್ಮಲ್ಲಿ ಎಷ್ಟು ಮಂದಿ?

ಹಕ್ಕಿ ಇದ್ದರೆ ರೋಗ ಕೀಟ ಇಲ್ಲವೆಂದು ಮಾತ್ರ ಯಾರೂ ನಂಬಿ ಕೆಡಬೇಡಿ. ಕೋಸ್ಟರಿಕದಲ್ಲಿ ಹಕ್ಕಿಗಳಿಂದ ಕಾಯಿಕೊರಕದ ಹಾವಳಿ ಸುಮಾರು ಅರ್ಧಕ್ಕಿಳಿಯಿತೆಂದು 2013ರಲ್ಲಿ ವರದಿಯಾಗಿದೆ, ನಿಜ. ಅಲ್ಲಿಯ ಹಕ್ಕಿಗಳೇ ಬೇರೆ, ತೋಟವೇ ಬೇರೆ. ಕಾಂಡಕೊರಕ ಹಿಡಿದ ಗಿಡವನ್ನು ನಾವೇ ಕಿತ್ತು ಸುಡಬೇಕು.

ಸಂಘದ ಆಡಳಿತ ಮಂಡಳಿಯಲ್ಲಿ ನನ್ನ ಅರಿಕೆ ಎರಡು. ಬೆಳೆಗಾರನು ತನ್ನ ಹಿಡುವಳಿಯಲ್ಲಿ ತಾನೇ ನೆಟ್ಟು ದಾಖಲಿಸಿದ ಕಾಡುಮರಕ್ಕೆ ಸಿಲ್ವರಿಗಿರುವ ವಿನಾಯಿತಿಯೇ ಸಿಗಬೇಕೆಂದು ಮುಂದಿನ ಮಹಾಸಭೆಯಲ್ಲಿ ನಿರ್ಣಯವಾಗಲಿ. ಪಕ್ಷಿವೀಕ್ಷಕರೂ ಅದಕ್ಕೆ ಸಹಿ ಹಾಕಲಿ. ಉಂಡ ಮನೆಯ ಕೆಲಸ, ಇಲ್ಲವೆನ್ನಲಾರರು. ಎರಡನೆಯದು, ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತವೂ 2013ರಿಂದ ಅದರಲ್ಲಿದೆ. ಬರುವ ವರ್ಷ ನಮ್ಮ ಸದಸ್ಯರು ತಮ್ಮ ತಮ್ಮ ತೋಟಗಳಲ್ಲಿ ತಾವೇ ಎಣಿಸಲಿ. ಒಂದು ಪ್ರತಿ ಸಂಘದ ಕಚೇರಿಯಲ್ಲಿರಲಿ.

ಬರುವವರಿಗೂ ಕಟ್ಟುಪಾಡು ಬೇಕು. ಮೊದಲೇ ತಿಳಿಸಿ ಬರಬೇಕು, ಬೇಲಿ ದಾಟಬಾರದು, ಗೂಡಿನ ಜಾಗ ಊರಿಗೆ ಸಾರಬಾರದು, ಹಕ್ಕಿಯ ದನಿಯನ್ನು ಯಂತ್ರದಲ್ಲಿ ಬಾರಿಸಿ ಅದನ್ನು ಕರೆಯಬಾರದು. ನಮ್ಮಲ್ಲಿಗೆ ಬಂದವರು ಇದಕ್ಕೆಲ್ಲ ಒಪ್ಪಿಯೇ ಬಂದಿದ್ದರು.

ತೋಟ ತೋರಿಸಲು ಒಪ್ಪುವವರು ದೀಪಾವಳಿಯೊಳಗೆ ಕಾರ್ಯದರ್ಶಿಗಳಲ್ಲಿ ಹೆಸರು ಕೊಡಿ. ಬೇಲಿಯಾಚೆಯ ನೆರೆಯವರು ಇನ್ನೂ ಒಪ್ಪಿಲ್ಲ. ಹಾಲವಾಣ ಉಳಿಸಿದಿರಾ ಎಂದು ಮಾತ್ರ ಮೊನ್ನೆ ಕೇಳಿದರು. ಉಳಿಸಿದ್ದೇನೆ.