ಮಲ್ಪೆಗೆ ಹೋಗುವ ಬಸ್ಸು ಮರಿಯಮ್ಮನಹಳ್ಳಿಯಲ್ಲೂ ನಿಲ್ಲಲಿ

ಈ ಸಲದ ಪ್ರವಾಸದಲ್ಲಿ ನಾವೆಲ್ಲ ಮಲ್ಪೆ ನೋಡಿ ಬಂದೆವು. ಬಂದರಿನಲ್ಲಿ ಸಾಲು ಸಾಲು ಬೋಟು, ಬೆಳಗಿನ ಮೀನಿನ ಹರಾಜು, ರಾತ್ರಿ ಯಕ್ಷಗಾನದ ಚೆಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರದೂ ಒಂದೇ ಮಾತು: "ನಮ್ಮ ಕಡೆ ಇಂಥಾದ್ದು ಏನೈತಿ?" ಈ ಮಾತು ನಡೆದಿದ್ದಾಗ ಬಸ್ಸು ಚಹಾಕ್ಕೆಂದು ನಿಂತಿದ್ದು ಮರಿಯಮ್ಮನಹಳ್ಳಿಯಲ್ಲಿ.

ಅಲ್ಲಿ ಒಬ್ಬ ಜೋಗತಿ ಬಸ್ಸಿನ ಹತ್ತಿರ ಬಂದರು. ಹಿಂದಿನ ಸೀಟಿನವರು ಚಪ್ಪಾಳೆ ತಟ್ಟಿ ಅಣಕಿಸಿದರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಮನೆಗೆ ಬಂದು ಅದನ್ನೇ ತಮಾಷೆಯಾಗಿ ಹೇಳಿದರೆ ನಮ್ಮ ದಾದಿಮಾ ನಗಲಿಲ್ಲ. "ಆ ಊರನ್ನ ನೋಡಿ ನಗಬೇಡ ಬೇಟಾ. ನಮ್ಮೂರು ನೀರಿಗೆ ಹೋದಾಗ ಜಾಗ ಕೊಟ್ಟ ಊರು ಅದು" ಅಂದರು.

ದಾದಿಮಾ ಹುಟ್ಟಿದ್ದು ನಾರಾಯಣದೇವರಕೆರೆಯಲ್ಲಿ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರ ಹೊತ್ತಿಗೆ ನೀರು ನಿಂತಿತು, ಆ ಊರು ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆ ನಿಂತರು. ಎತ್ತಿನ ಗಾಡಿಯಲ್ಲಿ ಬಾಗಿಲು, ಚೌಕಟ್ಟು, ತೊಲೆ ಹೇರಿಕೊಂಡು ಬಂದದ್ದು ದಾದಿಮಾಗೆ ಇಂದಿಗೂ ನೆನಪಿದೆ. ತವರಿನ ಹೆಸರು ಬಂದರೆ ಅವರು "ಪಾನಿ ಮೇ ಗಯಾ ಸೋ ಗಾಂವ್" ಎಂದೇ ಹೇಳುವುದು.

ಹೊಲ ಮುಳುಗಿದ ಜಾಗದಲ್ಲೇ ಈಗ ಮೀನು ಸಿಗುತ್ತದೆ. ಮಳೆಗಾಲದಲ್ಲಿ ನೀರು ಊರ ಕಡೆ ಬರುತ್ತದೆ. ಬೇಸಿಗೆಯಲ್ಲಿ ದಡ ಕಿಲೋಮೀಟರುಗಟ್ಟಲೆ ಹಿಂದೆ ಸರಿಯುತ್ತದೆ. ಬಲೆ ಹೊತ್ತವರು ಹರಿಗೋಲು ತೆಗೆದುಕೊಂಡು ನೀರಿನ ಬೆನ್ನು ಹತ್ತಿ ಹೋಗಬೇಕು. ಮಲ್ಪೆಯವರ ಸಮುದ್ರ ಇದ್ದಲ್ಲೇ ಇರುತ್ತದೆ, ಇವರದು ಹಾಗಲ್ಲ. ಜಲಾಶಯಕ್ಕೆ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. (ಅಕೌಂಟೆನ್ಸಿಯಲ್ಲಿ ನಾವು ಓದುವ ಸವಕಳಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?) 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ರೈತರ ಬೆಳೆಯ ಬಗ್ಗೆ ಮಾತಾಡಿದೆವು. ಅದು ಸರಿಯೇ. ಆದರೆ ಮೀನುಗಾರರ ಗತಿ ಏನಾಯಿತು ಅಂತ ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಇನ್ನು ಕಲೆಯ ಮಾತು. ವೃತ್ತಿರಂಗಭೂಮಿಯ ಹಿರಿಯ ಕಲಾವಿದೆ ಕೆ. ನಾಗರತ್ನಮ್ಮ ಈ ಊರಿನವರು. ನಾಟಕದ ಹೆಣ್ಣುಮಕ್ಕಳನ್ನು ಜನ ರಾತ್ರಿ ಟಿಕೆಟ್ ಕೊಟ್ಟು ನೋಡಿ, ಬೆಳಿಗ್ಗೆ ಹಗುರವಾಗಿ ಮಾತಾಡುತ್ತಿದ್ದ ಕಾಲ ಒಂದಿತ್ತು. ಅದು ಪೂರ್ತಿ ಮುಗಿದಿದೆ ಎಂದು ನನಗೆ ಅನಿಸುವುದಿಲ್ಲ. ಮಂಜಮ್ಮ ಜೋಗತಿ ನೆಲೆಸಿರುವುದೂ ಇಲ್ಲೇ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡು ಮಗುವೆಂದು ಹುಟ್ಟಿ, ಮನೆ ಬಿಟ್ಟು, ಭಿಕ್ಷೆ ಬೇಡಿ, ಇಡ್ಲಿ ಮಾರಿ, ಆಮೇಲೆ ಕಾಳವ್ವ ಜೋಗತಿಯವರ ತಂಡ ಸೇರಿ ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯದಲ್ಲಿ ಹೆಸರು ಮಾಡಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನಮ್ಮೆಲ್ಲರ ಫೋನಿನಲ್ಲೂ ಓಡಾಡಿತ್ತು. ಅದನ್ನು ಸ್ಟೇಟಸ್‌ಗೆ ಹಾಕಿದವರೇ ಆ ಬಸ್ಸಿನಲ್ಲಿ ಚಪ್ಪಾಳೆ ತಟ್ಟಿದ್ದು.

ನನ್ನ ಬೇಡಿಕೆ ಇಷ್ಟು. ಬರುವ ವರ್ಷ ಮಲ್ಪೆಗೆ ಹೋಗೋಣ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿಂದ ಸುಮಾರು 20 ಕಿ.ಮೀ. ದೂರದ ಈ ಊರಿಗೂ ಒಂದು ದಿನ ಇಡಿ. ಬೆಳಿಗ್ಗೆ ಹಿನ್ನೀರಿನ ದಡ, ಮಧ್ಯಾಹ್ನ ಕಲಾವಿದರ ಜೊತೆ ಮಾತುಕತೆ. ನಾಟಕ, ಕುಣಿತ ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ ಎಂದು ಕೆಲವು ಗೆಳೆಯರು ಈಗಾಗಲೇ ಹೇಳಿದ್ದಾರೆ. ನಮ್ಮ ಮನೆಯಲ್ಲೂ ಸುಲಭಕ್ಕೆ ಒಪ್ಪುವುದಿಲ್ಲ. ಆದರೆ ಯಾರೂ ನಮಗೆ ಕುಣಿಯಿರಿ ಅನ್ನುತ್ತಿಲ್ಲ, ಅವರು ಹೇಳುವುದನ್ನು ಕೂತು ಕೇಳಿದರೆ ಸಾಕು. ಹಾಗೆ ನೋಡಿದರೆ, ಯಾರೂ ಯಾರನ್ನೂ ಗೇಲಿ ಮಾಡಬಾರದು ಎಂದು ಸೂರಾ ಹುಜುರಾತ್‌ನಲ್ಲಿ ಇರುವುದು ನಮಗೆಲ್ಲ ಗೊತ್ತು. ಆ ದಿನ ಬಸ್ಸಿನಲ್ಲಿ ಅದು ಯಾರಿಗೂ ನೆನಪಾಗಲಿಲ್ಲ.

ಈ ಲೇಖನ ಬರೆಯುತ್ತಿರುವುದು ದಾದಿಮಾಗೆ ಗೊತ್ತು. ಬಸ್ಸು ಹೋಗುವುದಾದರೆ ತಮಗೂ ಒಂದು ಸೀಟು ಸಿಗುತ್ತದಾ ಎಂದು ಕೇಳಿದ್ದಾರೆ. ಪ್ರಾಂಶುಪಾಲರೇ ಹೇಳಬೇಕು.