ಗಾಡಿ ವಯಸ್ಸು ನೋಡಿದ್ದು ಸಾಕು, ಬ್ರೇಕ್ ನೋಡಿ ಸ್ವಾಮಿ

ಇವತ್ತು ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ.

ನಮ್ಮನೆ ಓಮ್ನಿ 2010ರದ್ದು. 15 ವರ್ಷ ತುಂಬ್ತು, ಎಫ್‌ಸಿ ಮಾಡಿಸಿ ಆರ್‌ಸಿನ ಇನ್ನು 5 ವರ್ಷಕ್ಕೆ ಮುಂದುವರಿಸಬೇಕಿತ್ತು. ವರ್ಷಕ್ಕೆ 3000 ಕಿಲೋಮೀಟರ್ ಓಡಿದ್ರೆ ಹೆಚ್ಚು. ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ನೆಂಟರ ಮನೆ, ಸಂತೆ, ಅಷ್ಟೇ ಅದರ ಓಡಾಟ.

ಕಾರಿಗೆ ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ಗೆ ಮುಂಚೆ 600 ರೂಪಾಯಿ ಇತ್ತು. ಆಮೇಲೆ 5000 ಮಾಡಿದ್ರು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ರು. ಗ್ರೀನ್ ಟ್ಯಾಕ್ಸ್, ಎಮಿಷನ್, ಇನ್ಸೂರೆನ್ಸ್ ಎಲ್ಲಾ ಬೇರೆ. ಹಳೇ ಗಾಡಿ ಅಪಾಯ, ಹೊಗೆ ಜಾಸ್ತಿ, ಅದಕ್ಕೇ ಅಂತಾರೆ. ಸರಿ, ಒಪ್ಪೋಣ. ಹಂಗಾದ್ರೆ ಆ 5000ಕ್ಕೆ ಅಪಾಯ ಇದೆಯಾ ಇಲ್ವಾ ಅಂತ ನೋಡ್ಬೇಕಲ್ವಾ?

ನನ್ನ ಗಾಡಿ ನೋಡಿದ್ದು ಹೆಂಗೆ ಅಂತ ಹೇಳ್ತೀನಿ. ಚಾಸಿಸ್ ನಂಬರ್ ತಾಳೆ ನೋಡಿದ್ರು. ಲೈಟ್, ಇಂಡಿಕೇಟರ್, ಹಾರನ್, ವೈಪರ್ ಹಾಕಿಸಿದ್ರು. ಫೋಟೋ ತೆಗೆದ್ರು. ಐದು ನಿಮಿಷ ಆಗಿರಬಹುದು. ಗಾಡಿ ಓಡಿಸಿ ಬ್ರೇಕ್ ಹಿಡಿಸಲೇ ಇಲ್ಲ. ಗಾಡಿ ಪಾಸ್!

ಅದಕ್ಕೆ ಹತ್ತು ದಿನ ಮುಂಚೆ ನಮ್ಮ ಮೆಕ್ಯಾನಿಕ್ ಹತ್ರ ಹಿಂದಿನ ಡ್ರಮ್ ಬಿಚ್ಚಿಸಿದ್ದೆ. ಎಡಗಡೆ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂ ಪೂರ್ತಿ ಆಯಿಲ್‌ನಲ್ಲಿ ನೆಂದು ಹೋಗಿತ್ತು. ನನಗೆ ಗೊತ್ತೇ ಇರಲಿಲ್ಲ. ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿತ್ತು, ಹಳೇ ಗಾಡಿ ತಾನೇ ಅಂದ್ಕೊಂಡಿದ್ದೆ. ಅದೇ ಗಾಡೀಲಿ ಅವ್ವನ್ನ ಕೂರಿಸ್ಕೊಂಡು ಎಷ್ಟು ಸಲ ಹೋಗಿದೀನೋ. ಎರಡೂ ಕಡೆ ಸಿಲಿಂಡರ್, ಶೂ, ಕೂಲಿ ಸೇರಿ 2400 ಆಯ್ತು. ಬಿಚ್ಚಿಸದೇ ಹೋಗಿದ್ರೂ ಅವತ್ತು ಪಾಸ್ ಆಗ್ತಿತ್ತು. ನನಗೆ ಸಿಟ್ಟು ಬಂದಿರೋದು ದುಡ್ಡಿಗಲ್ಲ, ಇದಕ್ಕೆ.

ನಮ್ಮವರೇನು ಕಮ್ಮಿ ಇಲ್ಲ. ಎಫ್‌ಸಿ ದಿನಕ್ಕೆ ಅಂತ ಬೇರೆಯವರ ಟೈರ್ ಹಾಕಿಸ್ಕೊಂಡು ಹೋಗಿ, ಸಂಜೆಗೆ ಬೋಳು ಟೈರ್ ವಾಪಸ್ ಹಾಕೋರನ್ನ ನಾನೇ ನೋಡಿದೀನಿ. ಏಜೆಂಟ್‌ಗೆ ನಾಲ್ಕು ಸಾವಿರ ಕೊಡ್ತೀವಿ, ಬ್ರೇಕ್ ಶೂಗೆ ಚೌಕಾಸಿ ಮಾಡ್ತೀವಿ. ಯಾರಿಗೆ ಮೋಸ ಮಾಡ್ತಿದೀವಿ ಅಣ್ಣ? ಇಳಿಜಾರಲ್ಲಿ ಎದುರಿಗೆ ಸ್ಕೂಲ್ ಮಕ್ಕಳು ಬಂದ್ರೆ ಆರ್‌ಸಿ ತೋರಿಸಿ ನಿಲ್ಲಿಸ್ತೀರಾ?

ವಯಸ್ಸಿನ ಮೇಲೆ ಶುಲ್ಕ ಹಾಕೋದು ಬಿಟ್ಟು ಡ್ರಮ್ ಬಿಚ್ಚಿ ನೋಡ್ಲಿ, ಬ್ರೇಕ್ ಹಿಡಿಸಿ ನೋಡ್ಲಿ. ಫೇಲ್ ಆದ್ರೆ ಫೇಲ್ ಅನ್ಲಿ, ರಿಪೇರಿ ಮಾಡಿಸ್ಕೊಂಡು ಇನ್ನೊಂದ್ಸಲ ಹೋಗ್ತೀನಿ. ಚೆನ್ನಾಗಿಟ್ಕೊಂಡಿರೋ ಗಾಡಿಗೂ ಹಾಳು ಬಿದ್ದಿರೋದಕ್ಕೂ ಒಂದೇ 5000 ಯಾವ ನ್ಯಾಯ?

ಆರ್‌ಸಿ ಮುಗಿಯೋಕೆ 60 ದಿನ ಇರುವಾಗಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ತಡ ಆದ್ರೆ ಕಾರಿಗೆ ತಿಂಗಳಿಗೆ 500 ದಂಡ. ಅರ್ಜಿ ಹಾಕೋ ಮುಂಚೆ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿ. ಏನು ಸಿಕ್ತು ಅಂತ ಕೆಳಗೆ ಬರೀರಿ.